ಪರದೆಯ ಹಿಂದಿನ ಬೇಡಮ್ಮ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಡುಗೆಮನೆಗೆ ಅಂಟಿಕೊಂಡಿರುವ, ಒಂದು ಕಾಲಕ್ಕೆ ಸಾಮಾನು ತುಂಬಿಡುತ್ತಿದ್ದ ಕಿರುಕೋಣೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸ್ವೆಟರಿನ ತೋಳು ಮೇಲೇರಿಸಿಕೊಂಡು ಕೂತಿದ್ದಾರೆ. ಗೋಡೆಯುದ್ದದ ಹಲಗೆಯ ಮೇಲೆ ನಾಲ್ಕೈದು ಕಂಪ್ಯೂಟರ್‌ಗಳು. ಒಂದಕ್ಕೂ ಮುಚ್ಚಳವಿಲ್ಲ, ಎಲ್ಲದರ ಕರುಳೂ ಹೊರಗೆ. ಫ್ಯಾನುಗಳು ಗುರ್ ಎನ್ನುತ್ತಿವೆ. ಒಂದು ಪರದೆಯ ಮೇಲೆ ಬಣ್ಣದ ಘನಾಕೃತಿಯೊಂದು ತನ್ನಷ್ಟಕ್ಕೆ ತಿರುಗುತ್ತಿದೆ, ಇನ್ನೊಂದರಲ್ಲಿ ಅಕ್ಷರಗಳು ಸರಸರ ಮೇಲೇರುತ್ತಿವೆ. ಅವರು ನೋಡುತ್ತಿರುವುದು ಮೂರನೆಯದನ್ನು. ಅಲ್ಲಿ ಮೇಲ್‌ಗಳ ಸಾಲು ಮುಗಿಯುವ ಲಕ್ಷಣವೇ ಇಲ್ಲ.

"ಅಯ್ಯೋ ದೇವರೇ, ಮತ್ತೆ ಶುರು ಹಚ್ಕೊಂಡ ನೋಡಿ ಇವನು," ಎನ್ನುತ್ತಾರೆ ನನ್ನ ಕಡೆ ತಿರುಗದೆಯೇ. "ಹೋದ ತಿಂಗಳು ಇದನ್ನೇ ಕಳಿಸಿದ್ದ, ಬೇಡ ಅಂದೆ. ಹೆಸರು ಬದಲಾಯಿಸಿ ಕಳಿಸಿದ, ಬೇಡ ಅಂದೆ. ಈಗ ಎರಡು ತುಂಡು ಮಾಡಿ ಕಳಿಸಿದಾನೆ. ತುಂಡು ಮಾಡಿದ್ರೆ ಗೊತ್ತಾಗಲ್ಲ ಅಂದ್ಕೊಂಡಿದಾನೆ ಪಾಪ."

ಅವರ ಬೆರಳುಗಳು ಕೀಲಿಮಣೆಯ ಮೇಲೆ ಟಪಟಪ ಓಡುತ್ತವೆ. ಉತ್ತರ ಉದ್ದವಾಗಿಯೇ ಇದೆ, ಮರ್ಯಾದೆಯಿಂದಲೇ ಇದೆ, ಕಾರಣಗಳನ್ನು ಬಿಡಿಸಿ ಹೇಳಿದೆ. ಸಾರಾಂಶ ಮಾತ್ರ ಒಂದೇ ಶಬ್ದ. ಆ ಶಬ್ದವೇ ಅವರಿಗೆ ಅಡ್ಡಹೆಸರನ್ನೂ ತಂದುಕೊಟ್ಟಿದೆ. ಜೊತೆಯಲ್ಲಿ ಕೆಲಸ ಮಾಡುವವರು ಅವರನ್ನು ಕರೆಯುವುದು ಬೇಡಮ್ಮ ಎಂದು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ ಕರೆಯುತ್ತಾರೆ. ಅವರಿಗೂ ಬೇಜಾರಿಲ್ಲ.

ಬೇಡಮ್ಮನ ಕೆಲಸ ಏನೆಂದು ಬರೆಯಲು ಕುಳಿತು ನಾನು ಹರಿದೆಸೆದ ಹಾಳೆಗಳಿಗೆ ಲೆಕ್ಕವಿಲ್ಲ. ನಮ್ಮ ಪುರವಣಿಯ ಫೋಟೋಗ್ರಾಫರ್ ಅಂತೂ ಒಂದಿಡೀ ಬೆಳಗ್ಗೆ ಆ ಕೋಣೆಯಲ್ಲಿ ಸುತ್ತಾಡಿ, "ಮೇಡಂ, ನೀವು ಕೆಲಸ ಮಾಡೋದನ್ನ ತೆಗೀಬೇಕಿತ್ತು," ಎಂದ. "ಮಾಡ್ತಾನೇ ಇದೀನಲ್ಲಪ್ಪ," ಎಂದರು ಅವರು. ಕೊನೆಗೆ ಅವನು ತೆಗೆದುಕೊಂಡು ಹೋದದ್ದು ಬಿಚ್ಚಿಟ್ಟ ಕಂಪ್ಯೂಟರಿನ ಮೇಲೆ ಒಣಗಲು ಹಾಕಿದ್ದ ಕಾಲುಚೀಲಗಳ ಚಿತ್ರವನ್ನು. ಅವು ಬೇಡಮ್ಮನ ತಾಯಿಯವು. ಬಿಸಿಗಾಳಿ ಸುಮ್ಮನೆ ಹಾಳಾಗುತ್ತದೆಂದು ಎಂಬತ್ತು ದಾಟಿದ ಆ ಅಜ್ಜಿ ಕಂಡುಕೊಂಡ ಉಪಾಯ ಅದು.

ಆದಷ್ಟು ಸರಳವಾಗಿ ಹೇಳುತ್ತೇನೆ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ, ಆಸ್ಪತ್ರೆಯ ಯಂತ್ರದಲ್ಲಿ ನಾವು ನೋಡುವ ಚಿತ್ರಗಳನ್ನು ಬಿಡಿಸಲೆಂದೇ ಒಂದು ಚಿಪ್ ಇರುತ್ತದೆ. ಒಂದೇ ಹೊತ್ತಿಗೆ ಹತ್ತಾರು ಪ್ರೋಗ್ರಾಂಗಳಿಗೆ ಆ ಚಿಪ್ ಬೇಕು. ಒಂದಕ್ಕೆ ವಿಡಿಯೊ ತೋರಿಸಬೇಕು, ಇನ್ನೊಂದಕ್ಕೆ ನಕ್ಷೆ, ಮತ್ತೊಂದಕ್ಕೆ ಬರೀ ಗಡಿಯಾರದ ಮುಳ್ಳು ಸರಿಸಬೇಕು. ಯಾವುದೂ ನೇರವಾಗಿ ಚಿಪ್‌ನ ಬಳಿ ಹೋಗುವಂತಿಲ್ಲ. ಆಪರೇಟಿಂಗ್ ಸಿಸ್ಟಮ್ ಎಂಬ ಮೂಲ ವ್ಯವಸ್ಥೆಯ ಒಳತಿರುಳಿದೆ, ಕರ್ನಲ್ ಅನ್ನುತ್ತಾರೆ. ಕೆಲಸವನ್ನು ಅದಕ್ಕೆ ಒಪ್ಪಿಸಬೇಕು. ಯಾರದು ಮೊದಲು, ಯಾರದು ಆಮೇಲೆ, ಯಾರು ಯಾರಿಗಾಗಿ ಕಾಯಬೇಕು, ಒಂದು ಕೆಲಸ ಕೆಟ್ಟು ಕೂತರೆ ಯಾರನ್ನು ಎಬ್ಬಿಸಬೇಕು, ಇದನ್ನೆಲ್ಲ ನಿರ್ಧರಿಸುವ ಭಾಗವೊಂದು ಕರ್ನಲ್‌ನಲ್ಲಿದೆ. ಬೇಡಮ್ಮ ಅದರ ಉಸ್ತುವಾರಿ. ಆ ಭಾಗಕ್ಕೆ ಜಗತ್ತಿನ ಯಾರು ಏನು ಬದಲಾವಣೆ ಕಳಿಸಿದರೂ ಅವರ ಕಣ್ಣು ತಪ್ಪಿಸಿ ಒಳಗೆ ಹೋಗುವಂತಿಲ್ಲ. ದಿನಕ್ಕೆ ನೂರರ ಹತ್ತಿರ ಮೇಲ್‌ಗಳು ಬರುತ್ತವೆ. ಹೆಚ್ಚಿನವು ತಮ್ಮ ಕೆಲಸ ಎಲ್ಲರಿಗಿಂತ ಮುಂದೆ ಹೋಗಬೇಕು ಎನ್ನುವವರವು.

"ಎಲ್ಲರದ್ದೂ ತುರ್ತೇ," ಎನ್ನುತ್ತಾರೆ. "ತುರ್ತಿಲ್ಲ ಅಂತ ಬರೆದಿರೋ ಮೇಲ್ ನನ್ನ ಸರ್ವೀಸಲ್ಲೇ ನೋಡಿಲ್ಲ. ಎಲ್ಲರನ್ನೂ ಮುಂದೆ ಬಿಟ್ರೆ ಹಿಂದೆ ಯಾರಪ್ಪಾ ನಿಲ್ಲೋದು?"

ಅವರ ಮನೆಯಿರುವ ಕಟ್ಟಡದಲ್ಲಿ ಅವರ ಕೆಲಸವನ್ನು ಅರ್ಥ ಮಾಡಿಕೊಂಡವರು ಯಾರೂ ಇಲ್ಲ. ಕಂಪ್ಯೂಟರ್ ಗೊತ್ತಿದೆ ಎಂಬುದಷ್ಟೇ ಗೊತ್ತು. ಹಾಗಾಗಿ ಕೆಳಮನೆಯವರು ಪ್ರಿಂಟರ್ ಹೊತ್ತು ತರುತ್ತಾರೆ, ಎದುರುಮನೆಯವರು ಪಾಸ್‌ವರ್ಡ್ ಮರೆತು ಬರುತ್ತಾರೆ. "ಪ್ರಿಂಟರ್ ನನಗೆ ಬರಲ್ಲ ಅಂದ್ರೆ ನಂಬಲ್ಲ. ಜಂಬ ಅಂದ್ಕೋತಾರೆ," ಎಂದು ಅವರು ಹಣೆ ಒತ್ತಿಕೊಳ್ಳುತ್ತಾರೆ. ಪತಿ ಕೃತಕ ಹಲ್ಲು ಮಾಡುವ ಕಾರ್ಖಾನೆಯಲ್ಲಿ ಅಚ್ಚು ತೆಗೆಯುವವರು. ಮೆಲುದನಿಯ ಮನುಷ್ಯ. "ನನ್ನ ಕೆಲಸ ಜನರ ಬಾಯಲ್ಲಿರತ್ತೆ, ಇವಳದು ಕಣ್ಣೆದುರಿಗೇ ಇರತ್ತೆ. ನೋವಾದಾಗ ಮಾತ್ರ ಇಬ್ಬರ ನೆನಪೂ ಆಗತ್ತೆ," ಎಂದು ನಕ್ಕು ಬ್ಯಾಗು ಹೆಗಲಿಗೇರಿಸಿ ಹೊರಡುತ್ತಾರೆ.

ಈ ಕೆಲಸಕ್ಕೆ ಅವರು ಬಂದದ್ದು ಸಿಟ್ಟಿನಿಂದ. ಇಪ್ಪತ್ತರ ಹರೆಯದಲ್ಲಿ ರೈಲು ನಿಲ್ದಾಣಗಳಿಗೆ ಟಿಕೆಟ್ ಕೌಂಟರಿನ ಪರದೆ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿದ್ದರು. ಆ ಪರದೆಗಳು ಆಗಾಗ ಕಲ್ಲಿನಂತೆ ನಿಂತುಬಿಡುತ್ತಿದ್ದವು. ಗಿರಾಕಿಗಳು ಕೌಂಟರಿನ ಹುಡುಗಿಯರನ್ನು ಬೈಯುತ್ತಿದ್ದರು, ಹುಡುಗಿಯರು ಇವರಿಗೆ ಫೋನು ಮಾಡಿ ಬೈಯುತ್ತಿದ್ದರು. ಇವರಿಗೆ ಬೈಯಲು ಯಾರೂ ಉಳಿದಿರಲಿಲ್ಲ. "ಯಾರನ್ನ ಬೈಬೇಕು ಅಂತ ಹುಡುಕ್ಕೊಂಡು ಒಳಗೆ ಇಳಿದೆ. ಇಳಿದವಳು ಮೇಲೆ ಬರಲೇ ಇಲ್ಲ." ಕರ್ನಲ್‌ನ ಆ ಮೂಲೆಯನ್ನು ಆಗ ನೋಡಿಕೊಳ್ಳುತ್ತಿದ್ದವರು ಒಬ್ಬ ಮುದುಕ. ಇವರು ಕಳಿಸಿದ ಮೊದಲ ತಿದ್ದುಪಡಿಯನ್ನು ಅವರು ಏಳು ಸಲ ವಾಪಸು ಕಳಿಸಿದರಂತೆ. ಎಂಟನೆಯ ಸಲ ತೆಗೆದುಕೊಂಡರು. ವರ್ಷಗಳ ನಂತರ ಒಂದು ದಿನ ಅವರ ಮೇಲ್ ಬಂತು. ನನಗೆ ಸಾಕಾಗಿದೆ, ಇನ್ನು ನೀನೇ ನೋಡಿಕೋ, ಎಂದಿತ್ತು. ಸನ್ಮಾನವಿಲ್ಲ, ಹಾರವಿಲ್ಲ, ನೇಮಕಾತಿಯ ಆದೇಶವಿಲ್ಲ. ಈಗ ಒಂದು ಸಾಫ್ಟ್‌ವೇರ್ ಸಂಸ್ಥೆ ಅವರಿಗೆ ಸಂಬಳ ಕೊಟ್ಟು, ಅರ್ಧ ದಿನ ಈ ಕೆಲಸಕ್ಕೆ ಬಿಟ್ಟಿದೆ. ಆ ಅರ್ಧ ದಿನ ಎಲ್ಲಿ ಮುಗಿಯುತ್ತದೆಂದು ಮಾತ್ರ ಯಾರಿಗೂ ತಿಳಿಯದು.

ನನಗೆ ಈ ಮನೆಯ ದಾರಿ ಸಿಕ್ಕಿದ್ದು ಬೇರೆಯದೇ ಕೆಲಸದಿಂದ. ಬಂದರಿನ ಕ್ರೇನ್ ಒಂದರಲ್ಲಿ ನಡೆದ ಅವಘಡದ ವಿಚಾರಣೆಯ ಬಗ್ಗೆ ಬರೆಯಲು ಹೋಗಿದ್ದೆ. ಅಲ್ಲಿ ಕ್ರೇನ್ ನಡೆಸುವ ಹೆಂಗಸು ಸಿಡುಕುತ್ತ, "ನನ್ನ ಬಗ್ಗೆ ಬರೀಬೇಡಿ. ಹೋಗಿ ನನ್ನ ಅಕ್ಕನ ಬಗ್ಗೆ ಬರೀರಿ. ಅವಳು ಮಾಡೋದು ಏನು ಅಂತ ನನಗಾದ್ರೂ ಅರ್ಥ ಆಗಲಿ," ಎಂದಳು.

ತಂಗಿಗೂ ಬೇಡಮ್ಮನಿಗೂ ಹತ್ತು ವರ್ಷದ ಅಂತರ. ಅಕ್ಕ ಕೂತಲ್ಲೇ ಕೂತು ಕೆಲಸ ಮಾಡುವವಳು, ತಂಗಿ ಬಂದರಿನಲ್ಲಿ ಹಡಗಿನಿಂದ ಕಂಟೇನರ್ ಎತ್ತಿ ಲಾರಿಯ ಮೇಲಿಡುವ ದೈತ್ಯ ಕ್ರೇನಿನ ನೆತ್ತಿಯಲ್ಲಿ, ಗಾಜಿನ ಕೋಣೆಯಲ್ಲಿ ಕೂರುವವಳು. ನೆಲದ ಗಾಜಿನಿಂದ ಕೆಳಗೆ ನೋಡಬಹುದು. ಆದರೆ ಎತ್ತಿದ ಕಂಟೇನರೇ ತನ್ನ ಕೆಳಗಿನದನ್ನು ಮರೆಮಾಡುತ್ತದೆ. ಅದಕ್ಕೆಂದೇ ಕ್ರೇನಿನ ಕಾಲುಗಳಿಗೆ ಕ್ಯಾಮೆರಾ ಹಾಕಿ, ಅದರ ಚಿತ್ರವನ್ನು ಅವಳ ಎದುರಿನ ಪರದೆಗೆ ತಂದಿದ್ದಾರೆ. ಕಂಟೇನರ್ ಕೂರಬೇಕಾದ ಲಾರಿಯ ಹಾಸು ಖಾಲಿ ಇದೆಯೇ, ಯಾರಾದರೂ ನಿಂತಿದ್ದಾರೆಯೇ ಎಂದು ಅವಳು ನೋಡುವುದು ಅದರಲ್ಲಿ. ಹೋದ ವರ್ಷ ಬಂದರಿನವರು ಹಳೆಯ ಪರದೆಗಳನ್ನು ಕಿತ್ತು ಹೊಸವನ್ನು ಹಾಕಿಸಿದರು.

ಇತ್ತ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೇಡಮ್ಮ ಒಂದು ಚಿಪ್ ಕಂಪನಿಯ ಎಂಜಿನಿಯರ್ ಜೊತೆ ಜಗಳದಲ್ಲಿದ್ದರು. ಜಗಳದ ವಿಷಯ ಒಂದೇ ನಿಯಮ. ಕರ್ನಲ್ ಒಂದು ಕೆಲಸವನ್ನು ಒಪ್ಪಿಕೊಂಡಾಗ, ಇದನ್ನು ಮುಗಿಸುತ್ತೇನೆ ಎಂದು ಮಾತು ಕೊಡುತ್ತದೆ. ಉಳಿದ ಪ್ರೋಗ್ರಾಂಗಳು ಆ ಮಾತನ್ನು ನಂಬಿ ಕಾಯುತ್ತ ಕೂರುತ್ತವೆ. ಹಾಗಾಗಿ ಆ ಕೆಲಸಕ್ಕೆ ಬೇಕಾದ ಮೆಮೊರಿ, ಅಂದರೆ ಕಂಪ್ಯೂಟರಿನೊಳಗಿನ ಜಾಗ, ಮಾತು ಕೊಡುವ ಮೊದಲೇ ತೆಗೆದಿಟ್ಟಿರಬೇಕು. ಕೊಟ್ಟಮೇಲೆ ಕೇಳಿದರೆ, ಜಾಗ ತುಂಬಿಹೋದ ಹೊತ್ತಿನಲ್ಲಿ ಪಜೀತಿಯಾಗುತ್ತದೆ. ಜಾಗ ಹಂಚುವ ಭಾಗ, ಕೈಯಲ್ಲಿರುವ ಕೆಲಸ ಮುಗಿದು ಜಾಗ ಬಿಟ್ಟುಕೊಡಲಿ ಎಂದು ಕಾಯುತ್ತದೆ. ಕೈಯಲ್ಲಿರುವ ಕೆಲಸ, ಜಾಗ ಸಿಗಲಿ ಎಂದು ಕಾಯುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತುಬಿಡುತ್ತಾರೆ. ಪರದೆ ನಿಲ್ಲುತ್ತದೆ.

ಎಂಜಿನಿಯರ್ ಬರೆದ ಚಾಲಕ ತಂತ್ರಾಂಶ, ಅಂದರೆ ಕರ್ನಲ್ ಮತ್ತು ಚಿಪ್‌ನ ನಡುವಿನ ಡ್ರೈವರ್, ಕೆಲಸದ ಮಧ್ಯೆ ಇಷ್ಟೇ ಇಷ್ಟು ಜಾಗ ಕೇಳುತ್ತಿತ್ತು. ಬೇಡಮ್ಮ ಬೇಡ ಎಂದರು. ಅಷ್ಟು ಚಿಕ್ಕ ಜಾಗ ಎಲ್ಲಿಯಾದರೂ ಸಿಕ್ಕೇ ಸಿಗುತ್ತದೆ, ನಮ್ಮ ಪರೀಕ್ಷೆಯಲ್ಲಿ ಒಂದು ಸಲವೂ ನಿಂತಿಲ್ಲ ಎಂದು ಅವನು ವಾದಿಸಿದ. ಬೇಡಮ್ಮ ಕೂತು ಇಡೀ ವ್ಯವಸ್ಥೆಗೆ ಹೊಸ ಯೋಜನೆ ಬರೆದರು. ಕೆಲಸ ಒಪ್ಪಿಸುವುದನ್ನು ಎರಡು ಹಂತ ಮಾಡೋಣ. ಮೊದಲ ಹಂತದಲ್ಲಿ ಬೇಕಾದ್ದೆಲ್ಲ ಕೇಳಿ ಜೋಡಿಸಿಕೊಳ್ಳಲಿ, ಸಿಗದಿದ್ದರೆ ಅಲ್ಲೇ ಆಗುವುದಿಲ್ಲ ಎನ್ನಲಿ. ಎರಡನೆಯ ಹಂತದಲ್ಲಿ ಮಾತು ಕೊಡಲಿ, ಆಮೇಲೆ ತುಟಿ ಬಿಚ್ಚದೆ ಕೆಲಸ ಮುಗಿಸಲಿ. ಯೋಜನೆಗೆ ಎಲ್ಲರೂ ತಲೆಯಾಡಿಸಿದರು. ಅದರಂತೆ ತಮ್ಮ ಡ್ರೈವರನ್ನು ಬದಲಾಯಿಸಿಕೊಳ್ಳಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

"ಯೋಜನೆ ಚೆನ್ನಾಗಿದೆ ಅಂತ ಹೊಗಳಿದ್ರು," ಎನ್ನುತ್ತಾರೆ. "ಹೊಗಳಿಕೆ ಇಟ್ಕೊಂಡು ನಾನೇನು ಮಾಡ್ಲಿ? ನೆಕ್ಕಲಾ?"

ಚಿಪ್ ಕಂಪನಿ ಕಾಯಲಿಲ್ಲ. ಅಧಿಕೃತ ಕರ್ನಲ್‌ಗೆ ಸೇರಿಸಿಕೊಳ್ಳದಿದ್ದರೆ ಬೇಡ, ತಮ್ಮದೇ ಪ್ರತಿಯಲ್ಲಿ ಸೇರಿಸಿ ಗಿರಾಕಿಗಳಿಗೆ ಕೊಡುತ್ತೇವೆ ಎಂದು ಕೊಟ್ಟುಬಿಟ್ಟಿತು. ಈ ಕರ್ನಲ್‌ ಅನ್ನು ಯಾರು ಬೇಕಾದರೂ ತೆಗೆದುಕೊಂಡು ತಿದ್ದಿಕೊಳ್ಳಬಹುದು, ಹಾಗಾಗಿ ಅದಕ್ಕೆ ಹಕ್ಕಿದೆ. ಆ ಪ್ರತಿ ಎಲ್ಲೆಲ್ಲಿಗೆ ಹೋಯಿತೆಂದು ಬೇಡಮ್ಮನಿಗೆ ತಿಳಿಯುವ ದಾರಿ ಇರಲಿಲ್ಲ. ಅವರು ಮುಂದಿನ ಮೇಲ್ ತೆರೆದರು.

ಅವಘಡ ನಡೆದದ್ದು ಬಿಸಿಲು ನೆತ್ತಿಯ ಮೇಲಿದ್ದ ಹೊತ್ತಿನಲ್ಲಿ. ಪಾಳಿ ಬದಲಾಗುವ ಸಮಯ. ತಂಗಿ ಕಂಟೇನರ್ ಒಂದನ್ನು ಹಡಗಿನಿಂದ ಎತ್ತಿ, ಕೆಳಗೆ ನಿಂತ ಲಾರಿಯ ಮೇಲೆ ಇಳಿಸುತ್ತಿದ್ದಳು. ಪರದೆಯಲ್ಲಿ ಲಾರಿಯ ಹಾಸು ಖಾಲಿ ಇತ್ತು. ಅವಳು ಇಳಿಸುತ್ತಲೇ ಹೋದಳು.

"ಗಾಳಿ ಜೋರಿತ್ತು," ಎಂದು ಅವಳು ಹೇಳುತ್ತಾಳೆ. "ಡಬ್ಬ ತೂಗಾಡ್ತಿರೋದು ನನ್ನ ಸೀಟಿಗೇ ಗೊತ್ತಾಗತ್ತೆ. ಅದು ತೂಗಾಡಿದ್ರೆ ಅದರ ನೆರಳೂ ತೂಗಾಡಬೇಕಲ್ವಾ? ಪರದೆಯಲ್ಲಿ ನೆರಳು ಸುಮ್ಮನೆ ನಿಂತಿತ್ತು. ಚಿತ್ರ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ನೆರಳು ಮಾತ್ರ ಸತ್ತುಹೋಗಿದೆ. ಲಿವರ್ ಬಿಟ್ಟೆ."

ಲಿವರ್ ಬಿಟ್ಟರೆ ಕ್ರೇನ್ ಇದ್ದಲ್ಲೇ ನಿಲ್ಲುತ್ತದೆ. ಗಕ್ಕನೆ ನಿಂತ ರಭಸಕ್ಕೆ ಕಂಟೇನರ್ ಒಲೆದು, ಲಾರಿಯ ಮುಂಭಾಗಕ್ಕೆ ಬಡಿಯಿತು. ಚಾಲಕನ ಭುಜದ ಮೂಳೆ ಮುರಿಯಿತು. ಆ ಹೊತ್ತಿನಲ್ಲಿ ಲಾರಿಯ ಹಾಸಿನ ಮೇಲೆ, ಕಂಟೇನರಿನ ನೇರ ಕೆಳಗೆ, ಕೊಂಡಿ ಬಿಡಿಸುವ ಕಾರ್ಮಿಕನೊಬ್ಬ ಮೊಣಕಾಲೂರಿ ಕೂತಿದ್ದ. ಪರದೆ ತೋರಿಸುತ್ತಿದ್ದುದು ಅವನು ಹತ್ತುವ ಮೊದಲಿನ ಹಾಸನ್ನು. ಅವನು ಹಾರಿ ಇಳಿದು ಹೋದ. ಸಂಜ್ಞೆ ಕೊಡುವ ಮೊದಲೇ ಹತ್ತಿದ್ದು ಅವನ ತಪ್ಪು, ಗೊತ್ತಾದರೆ ಕೆಲಸ ಹೋಗುತ್ತದೆ. ಹಾಗಾಗಿ ಬಾಯಿ ಬಿಡಲಿಲ್ಲ. ಮೇಲ್ವಿಚಾರಕರು ಏಣಿ ಹತ್ತಿ ಬರುವಷ್ಟರಲ್ಲಿ ಪರದೆ ತಾನಾಗಿಯೇ ಸರಿಹೋಗಿತ್ತು. ಸಿಕ್ಕಿಬಿದ್ದ ಕೆಲಸವನ್ನು ಸ್ವಲ್ಪ ಹೊತ್ತು ಕಾದು ನೋಡಿ, ಕೊಂದು, ಚಿಪ್ ಅನ್ನು ಹೊಸದಾಗಿ ಶುರುಮಾಡುವ ವ್ಯವಸ್ಥೆ ಕರ್ನಲ್‌ನಲ್ಲಿದೆ. ಅದು ತನ್ನ ಕೆಲಸ ಮಾಡಿತ್ತು. ಅವಳ ಪರವಾಗಿ ಹೇಳಲು ಏನೂ ಉಳಿದಿರಲಿಲ್ಲ.

ಕಾರಣವಿಲ್ಲದೆ ಗಾಬರಿಗೊಂಡು ಭಾರವನ್ನು ಹಠಾತ್ತನೆ ನಿಲ್ಲಿಸಿದ್ದಾಳೆ ಎಂದಾಯಿತು. ವಿಚಾರಣೆ ಮುಗಿಯುವವರೆಗೆ ಅವಳನ್ನು ಕ್ರೇನಿನಿಂದ ಇಳಿಸಿ ಗೇಟಿನಲ್ಲಿ ಲಾರಿ ನಂಬರ್ ಬರೆಯಲು ಕೂರಿಸಿದರು. ಹದಿನೈದು ವರ್ಷ ಆಕಾಶದಲ್ಲಿ ಕೂತು ಕೆಲಸ ಮಾಡಿದವಳು.

ಆ ಸಂಜೆಯೇ ಅಕ್ಕನ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲವಂತೆ. "ನಿನ್ನ ಹಾಳು ಪರದೆ!" ಎಂದು ಕೂಗಿದಳು. "ಇಷ್ಟು ವರ್ಷ ಬಾಗಿಲು ಹಾಕ್ಕೊಂಡು ಏನು ಕಡಿದು ಕಟ್ಟೆ ಹಾಕ್ತಿದ್ದೆ? ಒಂದು ಚಿತ್ರ ನೆಟ್ಟಗೆ ತೋರ್ಸೋಕಾಗಲ್ವಾ ನಿಮಗೆ?"

"ನಂದಲ್ಲ ಕಣೇ ಅದು," ಎಂದು ಬೇಡಮ್ಮ ಶುರುಮಾಡಿದರು. ಆಮೇಲೆ ನಿಲ್ಲಿಸಿ, "ಯಾವ ಚಿಪ್ಪು?" ಎಂದು ಕೇಳಿದರು. ತಂಗಿಗೆ ಹೇಗೆ ಗೊತ್ತಿರಬೇಕು? ಪರದೆಯ ಹಿಂದೆ ಅಂಟಿಸಿದ್ದ ಚೀಟಿಯನ್ನು ಸಹೋದ್ಯೋಗಿಯೊಬ್ಬನಿಂದ ಫೋಟೋ ತೆಗೆಸಿ ತರಿಸಿದಳು. ಅದರಲ್ಲಿದ್ದದ್ದು ಅದೇ ಕಂಪನಿಯ ಚಿಪ್‌ನ ಹೆಸರು; ನೋಡಿದ ಬೇಡಮ್ಮ ಬೈಯುವುದನ್ನೂ ಬಿಟ್ಟು ಹಳೆಯ ಮೇಲ್‌ಗಳನ್ನು ಕೆದಕತೊಡಗಿದರೆಂದು ಅವರ ತಾಯಿ ನೆನಪಿಸಿಕೊಳ್ಳುತ್ತಾರೆ. "ಅವಳು ಸುಮ್ಮನಾದ್ರೆ ನನಗೆ ಭಯ ಆಗತ್ತೆ. ಬೈತಾ ಇದ್ರೆ ಪರವಾಗಿಲ್ಲ," ಎನ್ನುತ್ತಾರೆ ಅಜ್ಜಿ.

ಅನುಮಾನವಿದ್ದರೆ ಸಾಲದು, ಮಾಡಿ ತೋರಿಸಬೇಕು. ಬೇಡಮ್ಮ ಅದೇ ಚಿಪ್ ಇರುವ ಯಂತ್ರವನ್ನು ಹಲಗೆಯ ಮೇಲೆ ಜೋಡಿಸಿ, ಕಂಪನಿಯ ಪ್ರತಿಯನ್ನೇ ಹಾಕಿ, ಕ್ಯಾಮೆರಾ ಸಿಕ್ಕಿಸಿದರು. ಚಿತ್ರ ನಿಲ್ಲಲಿಲ್ಲ. ಜಾಗ ತುಂಬಿಸಿ ನೋಡಿದರು, ನಿಲ್ಲಲಿಲ್ಲ. ಕೆಲಸದ ಮೇಲೆ ಕೆಲಸ ಹೇರಿದರು, ಯಂತ್ರ ಬಿಸಿಯಾಗಿ ಅಜ್ಜಿಯ ಕಾಲುಚೀಲ ಬೇಗ ಒಣಗಿತೇ ವಿನಾ ಚಿತ್ರ ಹಾಯಾಗಿ ಓಡುತ್ತಲೇ ಇತ್ತು. ವಾರಗಳು ಹೋದವು. ಬೇಡದಿದ್ದಾಗ ನಿಲ್ಲುವ ಪರದೆ, ನಿಲ್ಲಲಿ ಎಂದು ಗೋಗರೆದರೆ ನಿಲ್ಲುವುದಿಲ್ಲ. ಒಂದು ಬೆಳಗ್ಗೆ ಅವರು ಕೈಯಲ್ಲಿದ್ದ ತಂತಿಯನ್ನು ಗೋಡೆಗೆ ಬಿಸಾಡಿದರಂತೆ. ಪತಿ ಅದನ್ನು ಮೆಲ್ಲನೆ ಸುತ್ತಿ ಕಪಾಟಿನಲ್ಲಿಟ್ಟು ಕೆಲಸಕ್ಕೆ ಹೋದರು.

ಗೇಟಿನ ಕೆಲಸದ ಬೇಸರಕ್ಕೆ ತಂಗಿ ರಜೆ ಹಾಕಿ ಬರುತ್ತಿದ್ದಳು. ಪಕ್ಕದಲ್ಲಿ ಕೂತು, ಅಕ್ಕ ಮಾಡುವುದನ್ನು ನೋಡಿ ನೋಡಿ, ಒಂದು ದಿನ ರೇಗಿಯೇ ಬಿಟ್ಟಳು.

"ನೀನು ಬರೀ ಕ್ಯಾಮೆರಾ ಓಡಿಸ್ತಿದೀಯ. ನಮ್ಮ ಕ್ಯಾಬಿನ್ನಲ್ಲಿ ಪಾಳಿ ಬದಲಾಗುವಾಗ ಅಲ್ಲಿವರೆಗಿನ ರೆಕಾರ್ಡಿಂಗ್ ಎಲ್ಲ ಆಫೀಸಿಗೆ ಹೋಗತ್ತೆ. ಆಗ ಪರದೆ ಒಂಚೂರು ತಡವರಿಸತ್ತೆ. ಎಲ್ಲರಿಗೂ ಗೊತ್ತು."

"ಎಲ್ಲರಿಗೂ ಗೊತ್ತಾ? ನನಗ್ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ? ಚಿಪ್ಪು ಚಿಪ್ಪು ಅಂತಿದ್ದೆ."

ಬೇಡಮ್ಮ ಕೀಲಿಮಣೆ ಎಳೆದುಕೊಂಡರು. ಚಿತ್ರವನ್ನು ರೆಕಾರ್ಡ್ ಮಾಡುತ್ತಲೇ ಹಳೆಯ ರೆಕಾರ್ಡಿಂಗ್‌ಗಳನ್ನು ಇನ್ನೊಂದು ಯಂತ್ರಕ್ಕೆ ಕಳಿಸಲು ಹಚ್ಚಿದರು. ಚಿತ್ರ ತಡವರಿಸಿತು. ಮತ್ತೆ ಓಡಿತು. ಮತ್ತೊಮ್ಮೆ ತಡವರಿಸಿತು. ಆಮೇಲೆ ಗಪ್ಪನೆ ನಿಂತಿತು. ತಂಗಿ ಸ್ಟೂಲಿನಿಂದ ಎದ್ದೇಬಿಟ್ಟಳು. "ಇದೇ! ಇದೇ ತರ!" ಎಂದು ಅಕ್ಕನ ಭುಜ ಹಿಡಿದು ಅಲುಗಾಡಿಸಿದಳು. ಅಕ್ಕ ಅಷ್ಟರಲ್ಲಿ ಯಾವ ಕೆಲಸ ಯಾವುದಕ್ಕೆ ಕಾಯುತ್ತಿದೆಯೆಂದು ಓದತೊಡಗಿದ್ದರು. ಒಂದು ಜಾಗಕ್ಕಾಗಿ, ಇನ್ನೊಂದು ಅದೇ ಕೆಲಸ ಮುಗಿಯುವುದಕ್ಕಾಗಿ. ಅವರು ಬೇಡ ಎಂದಿದ್ದ ಅದೇ ಸಾಲಿನಲ್ಲಿ.

ಬಂದರಿನ ಸುರಕ್ಷತಾ ಅಧಿಕಾರಿಯನ್ನು ಈ ಕಿರುಕೋಣೆಗೆ ಕರೆತರುವುದೇ ಒಂದು ಸಾಹಸವಾಯಿತು. ಎಷ್ಟೋ ಫೋನುಗಳಾದ ಮೇಲೆ, ಹೋಗಿ ಬಂದರೆ ಇವರ ಕಾಟ ತಪ್ಪುತ್ತದೆಂದು ಅವರು ಬಂದರು. ಸೂಟು ತೊಟ್ಟ, ಗಡಿಯಾರ ನೋಡುತ್ತಲೇ ಇದ್ದ ಮನುಷ್ಯ. ಬೇಡಮ್ಮ ಕ್ಯಾಮೆರಾವನ್ನು ಅಡುಗೆಮನೆಯ ಕಡೆ ತಿರುಗಿಸಿದ್ದರು. ಅಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಜ್ಜಿ ಉಲ್ಲನ್ ಹೆಣೆಯುತ್ತ ಕೂತಿದ್ದರು. ಪರದೆಯಲ್ಲಿ ಅವರ ಸೂಜಿಗಳು ಆಡುತ್ತಿದ್ದವು. ಬೇಡಮ್ಮ ರೆಕಾರ್ಡಿಂಗ್ ಕಳಿಸಲು ಹಚ್ಚಿ ವಿವರಿಸತೊಡಗಿದರು. ಅಧಿಕಾರಿ ಪರದೆಯನ್ನೇ ನೋಡುತ್ತ, ತಾಳ್ಮೆಗೆಟ್ಟು, "ಚಿತ್ರ ಸರಿಯಾಗೇ ಇದೆಯಲ್ಲಮ್ಮ. ನಿಮ್ಮ ತಾಯಿ ಕಾಣ್ತಿದಾರೆ. ಏನಾಗಿದೆ ಇದಕ್ಕೆ?" ಎಂದರು.

"ಚಹಾ ತಗೊಳ್ಳಿ," ಎಂದಿತು ಒಂದು ದನಿ ಅವರ ಬೆನ್ನ ಹಿಂದಿನಿಂದ.

ಅಜ್ಜಿ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಪರದೆಯೊಳಗೆ ಅವರು ಇನ್ನೂ ಕಿಟಕಿಯ ಪಕ್ಕ ಸೂಜಿ ಹಿಡಿದು ಕೂತೇ ಇದ್ದರು. ಅಧಿಕಾರಿ ಒಮ್ಮೆ ಪರದೆ ನೋಡಿದರು, ಒಮ್ಮೆ ಅಜ್ಜಿಯನ್ನು ನೋಡಿದರು. ಕುರ್ಚಿಯಿಂದೆದ್ದು ಅಡುಗೆಮನೆಗೆ ಹೋಗಿ ಖಾಲಿ ಕುರ್ಚಿಯನ್ನು ನೋಡಿ ಬಂದರು. ಅಷ್ಟರಲ್ಲಿ ಪರದೆ ಮಿನುಗಿ ತಾನಾಗಿಯೇ ಸರಿಹೋಯಿತು, ಅದರಲ್ಲೂ ಕುರ್ಚಿ ಖಾಲಿಯಾಯಿತು.

"ಇನ್ನೊಂದು ಸಲ ಮಾಡಿ," ಎಂದರು ಅವರು, ದನಿ ಇಳಿಸಿ. ಮೂರು ಸಲ ಮಾಡಿಸಿದರು. ಅಜ್ಜಿ ಮೂರು ಸಲವೂ ಎದ್ದು ಬರಬೇಕಾಯಿತು. "ನನ್ನ ಮೊಣಕಾಲು ಬೇಕಾ ನಿಮ್ಮ ಪರೀಕ್ಷೆಗೆ?" ಎಂದು ಅವರು ಗೊಣಗಿದರೂ, ಕೊನೆಯ ಸಲ ಬಿಸ್ಕತ್ತನ್ನೂ ತಂದರು. ಅಧಿಕಾರಿ ಹೊರಡುವಾಗ, ಅಂಥ ಪರದೆ ಬಂದರಿನಲ್ಲಿ ಇನ್ನೆಷ್ಟು ಕ್ರೇನುಗಳಲ್ಲಿದೆಯೆಂದು ತಮ್ಮಷ್ಟಕ್ಕೇ ಲೆಕ್ಕ ಹಾಕುತ್ತ ಮೆಟ್ಟಿಲಿಳಿದರು. ಅವತ್ತೇ ಮಧ್ಯಾಹ್ನ ಆ ಕ್ರೇನುಗಳೆಲ್ಲ ನಿಂತವು.

ವಿಷಯ ಹಬ್ಬಿದಾಗ ಕೊಂಡಿ ಬಿಡಿಸುವವನು ಮೇಲ್ವಿಚಾರಕರ ಬಳಿ ಹೋಗಿ, "ನಾನು ಕೆಳಗಿದ್ದೆ. ಅವರು ನಿಲ್ಲಿಸದಿದ್ದರೆ ಇವತ್ತು ನಾನಿರ್ತಿರಲಿಲ್ಲ," ಎಂದ. ಅವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು.

ಬೇಡಮ್ಮ ಪರೀಕ್ಷೆಯ ವಿಧಾನವನ್ನೆಲ್ಲ ಬರೆದು ಕರ್ನಲ್‌ನ ಕೆಲಸ ಮಾಡುವವರೆಲ್ಲ ಓದುವ ಮೇಲ್ ಬಳಗಕ್ಕೆ ಹಾಕಿದರು. ಎರಡು ದಿನ ಚಿಪ್ ಕಂಪನಿಯಿಂದ ಸದ್ದಿಲ್ಲ. ಮೂರನೆಯ ದಿನ ಎಂಜಿನಿಯರ್ ಫೋನನ್ನೇ ಮಾಡಿದ. ಅಷ್ಟು ಕಾಲ ಅಕ್ಷರಗಳಲ್ಲೇ ಜಗಳವಾಡಿದ್ದವರು ಮೊದಲ ಬಾರಿ ಒಬ್ಬರ ದನಿ ಒಬ್ಬರು ಕೇಳಿದ್ದು ಆಗ.

"ನೀವು ಬೇಡ ಅಂದಿದ್ದೀರಿ ಅಂತ ಮೇಲಿನವರಿಗೆ ಹೇಳಿದ್ದೆ ಮೇಡಂ," ಎಂದನಂತೆ. "ಎಲ್ಲದಕ್ಕೂ ಬೇಡ ಅಂತಾರೆ ಬಿಡು ಅಂದ್ರು."

ಇದನ್ನು ಹೇಳುವಾಗ ಬೇಡಮ್ಮನಿಗೆ ನಗುವೂ ಬರುತ್ತದೆ, ಕೋಪವೂ ಬರುತ್ತದೆ. "ಎಲ್ಲದಕ್ಕೂ ಅಂದಿಲ್ಲ ನಾನು! ಬೇಕು ಅಂದಿದ್ದು ಯಾರಿಗೂ ನೆನಪಿರಲ್ಲ, ಅದಕ್ಕೆ. ಆ ಹುಡುಗನಿಗೆ ಬೈಯೋಣ ಅಂತಿದ್ದೆ. ಆ ಲಾರಿಯವರು ಹೇಗಿದಾರೆ ಅಂತ ಅವನೇ ಕೇಳ್ದ. ಏನಂತ ಬೈಲಿ? ನಾಳೆ ಬೆಳಗ್ಗೆ ಶುರುಮಾಡೋಣ ಅಂದೆ."

ಇಬ್ಬರೂ ಸೇರಿ ಡ್ರೈವರನ್ನು ಎರಡು ಹಂತದ ಯೋಜನೆಗೆ ತಂದರು. ಜೊತೆಗೆ ಬೇಡಮ್ಮ ಒಂದು ಕಾವಲನ್ನೂ ಬರೆದರು. ಮಾತು ಕೊಟ್ಟಮೇಲೆ ಯಾವ ಡ್ರೈವರ್ ಜಾಗ ಕೇಳಿದರೂ, ಆ ಹೊತ್ತಿಗೆ ಜಾಗ ಬೇಕಾದಷ್ಟಿದ್ದರೂ, ಪರೀಕ್ಷೆಯ ವೇಳೆಯಲ್ಲೇ ಕರ್ನಲ್ ಬೊಬ್ಬೆ ಹಾಕುತ್ತದೆ. ಹಾಕಿಸಿದ ಮೊದಲ ವಾರವೇ ಅದು ಬೇರೆ ಮೂರು ಕಂಪನಿಗಳ ಮೇಲೆ ಬೊಬ್ಬೆ ಹಾಕಿತು. ಮೂವರೂ ಬೇಡಮ್ಮನಿಗೆ ಮೇಲ್ ಬರೆದರು. ನಿಮ್ಮ ಕಾವಲಿನಲ್ಲೇ ದೋಷವಿರಬೇಕು, ತುರ್ತಾಗಿ ತೆಗೆಯಿರಿ, ಎಂದು.

"ಕೃತಜ್ಞತೆ ಬಂತಾ?" ಎಂದು ಕೇಳಿದೆ.

"ಬಂತಲ್ಲ, ಹೇಳಿದ್ನಲ್ಲ ಈಗ," ಎಂದರು.

ತಂಗಿಯ ಕೈಗೆ ವಿಚಾರಣೆಯ ಆದೇಶ ಬಂದಾಗ ಅದರಲ್ಲಿದ್ದದ್ದು, ಚಾಲಕಿಯ ತಪ್ಪು ಕಂಡುಬಂದಿಲ್ಲ ಎಂಬ ಒಂದೇ ವಾಕ್ಯ. ಕ್ಷಮೆಯಿಲ್ಲ, ಜೀವ ಉಳಿಸಿದ್ದಕ್ಕೆ ಒಂದು ಮಾತಿಲ್ಲ. ಅವಳು ಕಾಗದವನ್ನು ಮಡಚಿ ಅಲುಗಾಡುವ ಮೇಜಿನ ಕಾಲಡಿಗಿಟ್ಟಳು. ಮರುದಿನ ಕ್ರೇನು ಹತ್ತಿದಳು. ಮೊದಲ ಕಂಟೇನರ್ ಇಳಿಸುವಾಗ ಪರದೆಯನ್ನು ನಂಬಲಾಗದೆ ಎರಡೆರಡು ಸಲ ನಿಲ್ಲಿಸಿ ನೆರಳು ನೋಡಿದೆನೆಂದು ನನ್ನೊಡನೆ ಹೇಳಿದಳು. ಅಕ್ಕನಿಗೆ ಹೇಳಬೇಡಿ ಎಂದಳು. ಅಕ್ಕನಿಗೆ ಗೊತ್ತಿತ್ತು.

ಈ ಲೇಖನ ಮುಗಿಸುವ ಮೊದಲು ನಾನೇ ಬಲವಂತ ಮಾಡಿ ಬೇಡಮ್ಮನನ್ನು ಬಂದರಿಗೆ ಕರೆದುಕೊಂಡು ಹೋದೆ. ತಂಗಿ ಕೆಲಸ ಮಾಡುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ದಾರಿಯುದ್ದಕ್ಕೂ ಗೊಣಗಿದರು. ಮೇಲ್‌ಗಳು ಬಿದ್ದಿವೆ, ಬಿಸಿಲು ಜಾಸ್ತಿ, ಬಸ್ಸು ನಿಧಾನ. ತಂತಿಬೇಲಿಯ ಹೊರಗೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಾಗ ಗೊಣಗಾಟ ನಿಂತಿತು. ಎತ್ತರದ ಗಾಜಿನ ಕೋಣೆಯಲ್ಲಿ ತಂಗಿ ಒಂದು ಚುಕ್ಕೆಯಷ್ಟೇ. ಕೆಳಗೆ ಮನೆಯಷ್ಟು ದೊಡ್ಡ ಕಂಟೇನರ್ ಗಾಳಿಗೆ ಒಲೆಯುತ್ತ ಇಳಿಯುತ್ತಿತ್ತು. ಅದರಡಿಯ ಕಾಂಕ್ರೀಟಿನ ಮೇಲೆ ನೆರಳು ಒಲೆಯುತ್ತಿತ್ತು. ಅರ್ಧದಲ್ಲಿ ಕಂಟೇನರ್ ನಿಂತಿತು. ಯಾರೋ ಕಾರ್ಮಿಕ ಲಾರಿಯ ಪಕ್ಕದಿಂದ ದಾಟಿಹೋದ. ಅವನು ದೂರವಾದ ಮೇಲೆ ಮತ್ತೆ ಇಳಿಯಿತು, ಸದ್ದಿಲ್ಲದೆ ಕೂತಿತು.

ಬೇಲಿಯ ಕಾವಲುಗಾರ ಹತ್ತಿರ ಬಂದ. "ಇಲ್ಲಿ ನಿಲ್ಲಂಗಿಲ್ಲಮ್ಮ. ಏನ್ ನೋಡ್ತಿದೀರಿ?"

"ಅಲ್ಲಿ ಮೇಲಿರೋದು ನನ್ನ ತಂಗಿ," ಎಂದರು ಬೇಡಮ್ಮ.

"ಓ, ಅವರಾ! ನೀವೂ ಕ್ರೇನ್ ನಡೆಸ್ತೀರಾ?"

"ಇಲ್ಲಪ್ಪ." ಅವರು ಕಣ್ಣು ತೆಗೆಯದೆ ಮೇಲೆಯೇ ನೋಡುತ್ತಿದ್ದರು. ವಿವರಿಸುವುದೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದಂತಿತ್ತು. "ಪರದೆಯಲ್ಲಿ ಅವಳ ಕಣ್ಣಿಗೆ ಕಾಣೋದು ಈಗಿಂದೇ ಆಗಿರ್ಬೇಕು. ಆಗಿಂದಲ್ಲ. ಅಷ್ಟು ನೋಡ್ಕೋತೀನಿ."